ಹತ್ತಕ್ಕೆ ಹತ್ತು ಕೊಟ್ಟ ಬೀದಿ

ಮೆಟ್ಟಿಲು ಬೀದಿಯವರು ತಮ್ಮ ಊರಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟ ಕತೆ ಇದು. ಕೊಟ್ಟವರ ಕೈ ದೊಡ್ಡದೇ. ಆದರೆ ಅವರು ಕೊಟ್ಟೆವು ಅಂದುಕೊಂಡದ್ದು ಒಬ್ಬರಿಗೆ, ಅದು ಹೋಗಿ ಸೇರಿದ್ದು ಬೇರೆ ಕಡೆಗೆ.

ಬೀದಿ ಎಂಬುದು ಹೆಸರಿಗೆ ಮಾತ್ರ. ಗುಡ್ಡದ ಬುಡದಿಂದ ನೆತ್ತಿಯವರೆಗೆ ಇನ್ನೂರ ಹದಿನೆಂಟು ಕಲ್ಲು ಮೆಟ್ಟಿಲು, ಎರಡು ಬದಿಗೂ ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿ ಕೂತಂಥ ಮನೆಗಳು. ಸೈಕಲ್ ಕೂಡ ಅಲ್ಲಿ ಯಜಮಾನನ ಹೆಗಲೇರಿಯೇ ಹೋಗಬೇಕು. ಕೆಳಗಿನಿಂದ ಹನ್ನೆರಡನೇ ಮೆಟ್ಟಿಲಿನ ಎಡಕ್ಕೆ ಎರಡು ಕೋಣೆಯ ಮನೆ. ಅದರಲ್ಲಿ ಅಜ್ಜಿ ಮತ್ತು ಮೊಮ್ಮಗಳು. ಮೇಲೆ ಇನ್ನೂರನೇ ಮೆಟ್ಟಿಲಿನ ಬಲಕ್ಕೆ ನೀಲಿ ಕಿಟಕಿಯ ಮನೆ; ಅದರಲ್ಲಿ ಸೊಸೆಯ ಜೊತೆ ಅಜ್ಜಿಯ ಅಕ್ಕ, ಅಂದರೆ ಮೊಮ್ಮಗಳ ಬಾಯಲ್ಲಿ ದೊಡ್ಡಜ್ಜಿ. ಇವೆರಡರ ನಡುವೆ, ತೊಂಬತ್ತೇಳನೇ ಮೆಟ್ಟಿಲು ಮುಗಿದಲ್ಲಿ, ನಾಲ್ಕು ಹೆಜ್ಜೆ ಅಗಲದ ಹಾಸುಗಲ್ಲು. ಹಾಸುಗಲ್ಲಿನ ಮೇಲೊಂದು ಕಬ್ಬಿಣದ ಬೆಂಚು. ಅದರ ಎಡಗೈ ಯಾವ ಕಾಲದಲ್ಲೋ ಏಟು ತಿಂದು ಸೊಟ್ಟಗಾಗಿತ್ತು.

ದಿನಾ ಸಂಜೆ ನಾಲ್ಕಕ್ಕೆ ಅಜ್ಜಿ ಕೋಲು ಹಿಡಿದು ಹೊರಡುತ್ತಿದ್ದಳು. ಒಂದೇ ದಮ್ಮಿಗೆ ಪೂರ್ತಿ ಹತ್ತಬೇಡಿ, ನಡುವೆ ಕೂರಿ ಎಂದು ಡಾಕ್ಟರು ಹೇಳಿದ್ದರು. ಹೇಳದಿದ್ದರೂ ಅವಳ ಎದೆ ಹೇಳುತ್ತಿತ್ತು. ತೊಂಬತ್ತನೇ ಮೆಟ್ಟಿಲು ದಾಟಿದರೆ ಒಳಗೊಂದು ಗುಬ್ಬಿ ಸಿಕ್ಕಿಹಾಕಿಕೊಂಡು ರೆಕ್ಕೆ ಬಡಿಯುತ್ತಿದೆ ಅನ್ನುತ್ತಿದ್ದಳು. ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಸೊಟ್ಟ ಕೈಗೆ ಮೊಣಕೈ ಕೊಟ್ಟು, ಮೇಲಿನ ನೀಲಿ ಕಿಟಕಿ ನೋಡುತ್ತಾ ಗುಬ್ಬಿಯನ್ನು ಮಲಗಿಸಿ, ಮತ್ತೆ ಹತ್ತುತ್ತಿದ್ದಳು.

ಹತ್ತಿ ಹೋಗುತ್ತಿದ್ದದ್ದು ಒಂದು ಕತೆಗಾಗಿ.

ಅಜ್ಜಿಯನ್ನು ಬೆಳೆಸಿದ್ದು ಅಕ್ಕ. ಒಂಬತ್ತು ವರ್ಷ ದೊಡ್ಡವಳು, ತಾಯಿಯ ಜಾಗದಲ್ಲಿ ನಿಂತವಳು. ಮಲಗಿಸುವಾಗ ಅವಳು ಹೇಳುತ್ತಿದ್ದದ್ದು ಒಂದೇ ಕತೆ: ಬಾಳಲು ತಕ್ಕ ಊರು ಯಾವುದೆಂದು ಹುಡುಕಿಕೊಂಡು ಹೊರಟ ಹುಡುಗಿಯ ಕತೆ. ಆ ಹುಡುಗಿ ಏಳು ಊರು ನೋಡುತ್ತಾಳೆ. ಮೊದಲನೇ ಊರಿನ ಬಾಗಿಲುಗಳೆಲ್ಲ ಬೆಳ್ಳಿಯವು. ತಟ್ಟಿದರೆ ಕಲೆಯಾಗುತ್ತದೆಂದು ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಎರಡನೇ ಊರಿನ ಬೀದಿಗಳನ್ನು ಪನ್ನೀರಲ್ಲಿ ತೊಳೆದಿದ್ದಾರೆ. ನಡೆದರೆ ಕೊಳೆಯಾದೀತೆಂದು ಜನ ಮಾಡಿನ ಮೇಲೆ ಓಡಾಡುತ್ತಾರೆ. ಹೀಗೆ ಒಂದೊಂದರಲ್ಲೂ ಒಂದು ಕೊರತೆ. ಏಳನೇ ಊರಿನಲ್ಲಿ ಹುಡುಗಿ ಗಂಟು ಇಳಿಸಿ, ಅಲ್ಲೇ ನಿಲ್ಲುತ್ತಾಳೆ. ಆ ಊರು ಎಂಥದ್ದು ಅನ್ನುವುದು ಮಾತ್ರ ಅಜ್ಜಿಗೆ ಗೊತ್ತಿಲ್ಲ. ಆರನೇ ಊರು ಮುಗಿಯುವ ಹೊತ್ತಿಗೆ ದಿನಾ ಅವಳಿಗೆ ನಿದ್ದೆ. ಬೆಳೆದ ಮೇಲೆ ಕೇಳಿದರೆ ಅಕ್ಕ ನಗುತ್ತಿದ್ದಳು: "ಎಚ್ಚರ ಇದ್ದು ಕೇಳ್ಬೇಕಿತ್ತು. ಈಗ ನಿನಗೆ ಸುಮ್ಮನೆ ಹೇಳಿಬಿಡ್ತೀನಾ?" ಹಾಗೆ ಚುಡಾಯಿಸುತ್ತಲೇ ಅರವತ್ತು ವರ್ಷ ಕಳೆಯಿತು. ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು.

ಅಕ್ಕ ಹೇಳಲಾರದ ಕತೆಯನ್ನು ತಾನೇ ಅವಳಿಗೆ ಹೇಳೋಣ ಅಂತ ಅಜ್ಜಿ ಒಂದು ದಿನ ಶುರು ಮಾಡಿದಳು. ಎರಡನೇ ಊರಿನ ಬೀದಿಯನ್ನು ಮರೆತು ಹಾಲಲ್ಲಿ ತೊಳೆದುಬಿಟ್ಟಳು. ಮಂಚದಿಂದ ಒಂದು ದನಿ ಬಂತು: "ಅಲ್ಲ." ಐದು ತಿಂಗಳಲ್ಲಿ ಅಕ್ಕ ಆಡಿದ ಮೊದಲ ಮಾತು. ಅವತ್ತಿನಿಂದ ಅಜ್ಜಿ ಬೇಕೆಂದೇ ತಪ್ಪು ಹೇಳತೊಡಗಿದಳು. ಅಕ್ಕ ತಿದ್ದತೊಡಗಿದಳು. ಒಂದು ಮಾತು ಎರಡಾಯಿತು, ಎರಡು ನಾಲ್ಕಾಯಿತು. ಕತೆಯನ್ನು ಮೊದಲನೇ ಊರಿಂದ ಆರನೆಯದಕ್ಕೆ, ಆರರಿಂದ ಮೊದಲಿಗೆ ಎಷ್ಟೋ ಸಲ ತಿರುಗಿಸಿದ ಮೇಲೆ ಅಜ್ಜಿ ಮನೆಗೆ ಬಂದು ಮೊಮ್ಮಗಳ ಕೈ ಹಿಡಿದು ಹೇಳಿದಳು:

"ಈ ಸಲ ನಿಧಾನಕ್ಕೆ ಹೇಳ್ತೀನಿ. ಒಂದೊಂದು ಊರಿಗೆ ಮೂರು ನಾಲ್ಕು ದಿನ. ಆರನೇದು ಮುಗಿಯೋ ಹೊತ್ತಿಗೆ ಅವಳ ನಾಲಿಗೆ ಪೂರ್ತಿ ಸಡಿಲ ಆಗಿರತ್ತೆ. ಏಳನೇದು ಅವಳ ಬಾಯಿಂದಲೇ ಬರತ್ತೆ ನೋಡ್ತಿರು. ಅದೊಂದು ಕೇಳಿಬಿಟ್ರೆ ಸಾಕಪ್ಪ ನನಗೆ."

"ಕೇಳಿದ ದಿನ ನನಗೂ ಹೇಳ್ತೀಯಾ ಅಜ್ಜಿ?"

"ನೀನು ಎಚ್ಚರ ಇದ್ರೆ," ಎಂದಳು ಅಜ್ಜಿ.

ಹೆತ್ತವಳು ತೀರಿಕೊಂಡ ಮೇಲೆ ಮೊಮ್ಮಗಳು ಈ ಕತೆಗಳನ್ನೇ ಹೊದ್ದು ಬೆಳೆದವಳು. ಅವಳ ಕೆಲಸ ಮಾತ್ರ ಕತೆಗೆ ದೂರದ್ದು. ನಗರ ಕಚೇರಿಯಲ್ಲಿ ಎಣಿಸುವ ಕೆಲಸ. 'ಬದುಕಲು ಅತ್ಯುತ್ತಮ ನಗರ' ಎಂಬ ಪಟ್ಟಿಯಲ್ಲಿ ಊರಿಗೆ ಹೋದ ವರ್ಷ ಒಂಬತ್ತನೇ ಸ್ಥಾನ ಬಂದಿತ್ತು. ಈ ವರ್ಷ ಒಂದಕ್ಕೆ ಬರಲೇಬೇಕೆಂದು ಮೇಲಿನವರು ಹಟ ಹಿಡಿದಿದ್ದರು. ದೀಪದ ಕಂಬ ಎಷ್ಟು, ಮರ ಎಷ್ಟು, ನಲ್ಲಿ ಎಷ್ಟು, ಕಸದ ಡಬ್ಬಿ ಎಷ್ಟು ಎಂದು ಅವಳು ಬೀದಿ ಬೀದಿ ಸುತ್ತಿ ಬರೆದುಕೊಳ್ಳಬೇಕು. ಜನ ಅವಳನ್ನು ಎಣಿಕೆ ಹುಡುಗಿ ಎಂದೇ ಕರೆಯುತ್ತಿದ್ದರು. ಅವಳಿಗೆ ಆ ಪಟ್ಟಿಯ ಮೇಲೆ ನಂಬಿಕೆ ಇತ್ತು. ಸರಿಯಾಗಿ ಎಣಿಸಿದರೆ ಎಲ್ಲಿ ಏನು ಇಲ್ಲ ಅನ್ನುವುದು ತಿಳಿಯುತ್ತದೆ, ತಿಳಿದರೆ ಅದು ಬರುತ್ತದೆ, ಎಲ್ಲ ಬಂದ ದಿನ ಈ ಊರೇ ಅಜ್ಜಿ ಕೇಳದ ಆ ಏಳನೇ ಊರಾಗುತ್ತದೆ ಎಂದು ಕಂಬ ಎಣಿಸುತ್ತಾ ನಡೆಯುವಾಗ ಅವಳಿಗೆ ಅನ್ನಿಸುತ್ತಿತ್ತು. ಹಾಗೆ ಕನಸು ಕಾಣುತ್ತಾ ಎಷ್ಟೋ ಸಲ ಕಂಬಕ್ಕೆ ಡಿಕ್ಕಿ ಹೊಡೆದು, ಅದನ್ನು ಎಣಿಸಿದೆನೋ ಇಲ್ಲವೋ ಎಂದು ತಿರುಗಿ ನಿಲ್ಲುತ್ತಿದ್ದಳು.

ಬೇಸಿಗೆಯ ಮೊದಲಲ್ಲಿ ಬೆಂಚುಗಳ ಎಣಿಕೆ ಬಂತು. ಎಲ್ಲ ಬೆಂಚಿಗೂ ಒಂದೊಂದು ನಂಬರು. ನಿಯಮ ಇಷ್ಟೇ: ಒಂದೊಂದಕ್ಕೆ ಮೂರು ದಿನ, ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ ಹೋಗಿ, ಕೂತವರು ಎಷ್ಟು ಮಂದಿ ಎಂದು ಬರೆಯುವುದು. ತೊಂಬತ್ತೇಳನೇ ಮೆಟ್ಟಿಲಿನ ಬೆಂಚು ಅರವತ್ತೊಂದನೇ ನಂಬರು. ಆ ಹೊತ್ತಿಗೆ ಅದರ ಮೇಲೆ ಬಿಸಿಲು ನೆಟ್ಟಗೆ ಬೀಳುತ್ತದೆ, ಕಬ್ಬಿಣ ಕೆಂಡವಾಗಿರುತ್ತದೆ. ಎದುರಿನ ಟೈಲರ್ ಅಂಗಡಿಯ ಗೋಡೆಯ ನೆರಳು ಅದರ ಮೇಲೆ ಬರುವುದೇ ಮೂರು ಗಂಟೆಯ ಮೇಲೆ. ಮೊದಲ ದಿನ ಸೊನ್ನೆ, ಎರಡನೇ ದಿನ ಸೊನ್ನೆ. ಮೂರನೇ ದಿನ ಅವಳ ಕೈ ಸ್ವಲ್ಪ ತಡೆಯಿತು. ಸಂಜೆ ಅಜ್ಜಿ ಕೂರುತ್ತಾಳಲ್ಲ, ಒಂದು ಎಂದು ಬರೆಯಲೇ ಅನ್ನಿಸಿತು. ಹಾಳೆಯಲ್ಲಿ ಸಂಜೆಗೆ ಜಾಗವಿರಲಿಲ್ಲ. ಇಲ್ಲದವರನ್ನು ಇದ್ದಾರೆಂದು ಬರೆದರೆ ಎಣಿಕೆಗೆ ಅರ್ಥವೇನು? ಸೊನ್ನೆ ಬರೆದು, ಕೆಳಗೆ ಸಹಿ ಹಾಕಿದಳು.

ಅದಾಗಿ ಎರಡು ವಾರಕ್ಕೆ ಮನೆ ಮನೆಯ ಪ್ರಶ್ನೆಗಳು. ಹದಿನಾಲ್ಕನೇ ಪ್ರಶ್ನೆಯೇ ಎಲ್ಲದಕ್ಕಿಂತ ಮುಖ್ಯ ಎಂದು ಕಚೇರಿಯಲ್ಲಿ ಹೇಳಿ ಕಳಿಸಿದ್ದರು: 'ಈ ಊರಿನ ಬದುಕಿಗೆ ನೀವು ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?' ಇದ್ದ ಹಾಗೆ ಓದಬೇಕು, ಬೇಕಾದರೆ ಇನ್ನೊಂದು ಸಲ ಓದಬೇಕು. ವಿವರಿಸುವಂತಿಲ್ಲ, ಉತ್ತರಕ್ಕೆ ಮಾತು ಸೇರಿಸುವಂತಿಲ್ಲ.

ಅವಳು ಮೊದಲು ಹೋದದ್ದು ಟೈಲರ್ ಅಂಗಡಿಗೆ. ಟೈಲರಣ್ಣ ಮೆಷಿನ್ ನಿಲ್ಲಿಸಿ, ನೀರು ದಿನ ಬಿಟ್ಟು ದಿನ ಬರುವುದಕ್ಕೆ, ದೀಪ ಕೆಟ್ಟು ಮೂರು ತಿಂಗಳಾದದ್ದಕ್ಕೆ, ಚರಂಡಿಯ ನಾತಕ್ಕೆ ಒಂದೇ ಉಸಿರಿಗೆ ಬೈದ. ಅವಳು ಹದಿನಾಲ್ಕನೆಯದನ್ನು ಓದಿದಳು.

"ಎಷ್ಟು ಬಂದ್ರೆ ಪಾಸು?" ಎಂದ ಟೈಲರಣ್ಣ.

"ಪಾಸು ಫೇಲು ಏನಿಲ್ಲ ಅಣ್ಣಾ. ಊರಿಗೆ ಕೊಡೋ ಅಂಕ."

"ಊರು ಬಂದು ನನ್ನ ಬಾಗಿಲಲ್ಲಿ ನಿಂತಿದೆಯಾ? ನಿಂತಿರೋಳು ನೀನು. ಬಿಸಿಲಿಗೆ ಮುಖ ಬಾಡಿಹೋಗಿದೆ. ಹತ್ತು ಬರ್ಕೋ."

"ಅಣ್ಣಾ, ಈಗ ತಾನೇ..."

"ಬರ್ಕೋ ಅಂದೆ. ನಿನ್ನ ಕೆಲಸ ಪರ್ಮನೆಂಟ್ ಆಗ್ಬೇಕೋ ಬೇಡ್ವೋ?"

ಅವಳು ಇನ್ನೊಂದು ಸಲ ಓದಿದಳು. ಅಷ್ಟೇ ಓದಬಹುದಿತ್ತು. ಟೈಲರಣ್ಣ ಕಣ್ಣು ಮಿಟುಕಿಸಿ, "ಇನ್ನೊಂದ್ಸಲ ಓದಿದ್ರೂ ಹತ್ತೇ," ಎಂದ. ಅವಳು ಪಕ್ಕದ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಮೆಟ್ಟಿಲು ಹತ್ತಿ ಅವಳಿಗಿಂತ ಮುಂದೆ ಹೋಗಿತ್ತು: ನಮ್ಮ ಎಣಿಕೆ ಹುಡುಗಿಗೆ ಪರೀಕ್ಷೆಯಂತೆ, ಮನೆ ಮನೆಯವರೇ ಅಂಕ ಕೊಡಬೇಕಂತೆ. ಇಸ್ತ್ರಿ ಅಕ್ಕ ಪೆಟ್ಟಿಗೆಯ ಕೆಂಡ ಊದುತ್ತಾ, "ಹನ್ನೊಂದು ಕೊಡೋಕಾಗಲ್ವೇನೇ? ಒಂದು ನನ್ನ ಕಡೆಯಿಂದ ಇರಲಿ ಅಂತ," ಎಂದಳು. ಅಲ್ಲ ಅಕ್ಕಾ, ಇದು ನನಗಲ್ಲ ಎಂದರೆ, "ಗೊತ್ತು ಗೊತ್ತು, ಹೇಳ್ಬಾರ್ದು ಅಂತ ರೂಲ್ಸು ಅಲ್ವಾ?" ಎಂದು ದನಿ ತಗ್ಗಿಸಿದಳು.

ಕೊನೆಗೆ ಸ್ವಂತ ಮನೆ. ಅಜ್ಜಿ ತಲೆ ಬಾಚಿ, ಕನ್ನಡಕ ಹಾಕಿ, ಕೈ ಕಟ್ಟಿ ಕೂತಿದ್ದಳು.

"ಅಜ್ಜಿ, ಯೋಚನೆ ಮಾಡಿ ನಿಜ ಹೇಳು."

"ನಿನಗೆ ಅಂಕ ಕೊಡೋಕೆ ಯೋಚನೆ ಬೇರೆ ಕೇಡು. ಹತ್ತು. ಕೆಳಗೆ ಗೆರೆ ಎಳಿ, ಎದ್ದು ಕಾಣ್ಲಿ."

ಅವಳು ಹತ್ತು ಎಂದು ಬರೆದಳು. ಬರೆಯುವಾಗ ಗಂಟಲಲ್ಲಿ ಏನೋ ಸಿಹಿಯಾಗಿ ಇಳಿಯಿತು ಅನ್ನುವುದನ್ನು ಅವಳು ಆಮೇಲೆ ಎಂದೂ ಮರೆಯಲಿಲ್ಲ. ವಾರದ ಕೊನೆಗೆ ಸಾಹೇಬರು ಅವಳನ್ನು ಎಲ್ಲರೆದುರು ಕರೆದು, "ಇಡೀ ಊರಲ್ಲಿ ನಿಮ್ಮ ಮೆಟ್ಟಿಲು ಬೀದಿಯೇ ಮೊದಲು. ಎಲ್ರೂ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ ಕಣಮ್ಮ," ಎಂದರು. ಅವಳು ತಲೆ ತಗ್ಗಿಸಿ ನಕ್ಕಳು.

ಆಮೇಲಿನ ಬುಧವಾರ ಸಂಜೆ ಕೆಲಸ ಮುಗಿಸಿ ಬಂದರೆ ಅಜ್ಜಿ ಆಗಲೇ ಮನೆಯಲ್ಲಿದ್ದಳು. ಮಾಮೂಲಿಗೆ ಅಜ್ಜಿ ಮೇಲಿನಿಂದ ಬರುವಾಗ ಏಳಾಗುತ್ತಿತ್ತು.

"ಬೇಗ ಬಂದೆ?"

"ಅಕ್ಕನಿಗೆ ನಿದ್ದೆ ಬಂದಿತ್ತು."

ಗುರುವಾರವೂ ಅಕ್ಕನಿಗೆ ನಿದ್ದೆ. ಶುಕ್ರವಾರ ಬೆಳಿಗ್ಗೆ ಟೈಲರಣ್ಣ ಕೆಳಗಿಳಿದು ಬಂದು ಅವಳನ್ನು ಬಾಗಿಲಲ್ಲೇ ಹಿಡಿದ.

"ಬೆಂಚು ಕಿತ್ಕೊಂಡು ಹೋದ್ರಲ್ಲಮ್ಮ ನಿಮ್ಮ ಆಫೀಸ್ನೋರು! ಬುಧವಾರ ಬೆಳಿಗ್ಗೆ. ನಿನಗೆ ಗೊತ್ತೇ ಇಲ್ವಾ? ನಿಮ್ಮಜ್ಜಿ ಎರಡು ದಿನದಿಂದ ಅಲ್ಲಿ ತನಕ ಬರ್ತಾರೆ, ಗೋಡೆ ಹಿಡ್ಕೊಂಡು ನಿಂತ್ಕೋತಾರೆ, ಮೇಲಿನ ಕಿಟಕಿ ನೋಡ್ತಾರೆ, ವಾಪಸ್ ಇಳೀತಾರೆ. ಕೂತ್ಕೊಳ್ಳಿ ಅಂದ್ರೆ, ಕಲ್ಲ ಮೇಲೆ ಕೂತ್ರೆ ನನ್ನ ಎಬ್ಸೋಕೆ ಇಬ್ಬರು ಬೇಕಪ್ಪ ಅಂತ ನಗ್ತಾರೆ."

ಅವಳು ತೊಂಬತ್ತೇಳನೇ ಮೆಟ್ಟಿಲಿನ ತನಕ ಓಡಿ ಹತ್ತಿದಳು. ಹಾಸುಗಲ್ಲಿನಲ್ಲಿ ನಾಲ್ಕು ತೂತು ಮಾತ್ರ ಇದ್ದವು, ಸುತ್ತ ತುಕ್ಕಿನ ಕೆಂಪು ಬಳೆ. ಒಂದು ತೂತಿನ ಅಂಚು ಹೊಸದಾಗಿ ಚಕ್ಕೆ ಎದ್ದಿತ್ತು. ಅಜ್ಜಿಯ ಕೋಲಿನ ತುದಿ ಅದರೊಳಗೆ ಸಿಕ್ಕಿಕೊಂಡಿರಬೇಕು.

ಕಚೇರಿಯಲ್ಲಿ ಹುಡುಕಿದರೆ ಪಟ್ಟಿ ಸಿಕ್ಕಿತು. 'ಬಳಕೆ ಇಲ್ಲದ ಬೆಂಚುಗಳು, ಚೌಕಕ್ಕೆ ಸ್ಥಳಾಂತರ.' ಅರವತ್ತೊಂದರ ಎದುರು ಮೂರು ಸೊನ್ನೆ. ಸೊನ್ನೆಗಳ ಪಕ್ಕ ಅವಳದೇ ಸಹಿ, ದುಂಡಗೆ, ಅಂದವಾಗಿ.

ಅವತ್ತು ಅವಳು ಅಜ್ಜಿಯ ಎದುರು ಕೂತು ಬೆಂಚಿನ ಸೊನ್ನೆಗಳದ್ದೆಲ್ಲ ಹೇಳಿದಳು. ಅಜ್ಜಿ ಕೇಳಿ, ಅವಳ ಕೆನ್ನೆ ಒರೆಸಿ, "ಬೆಂಚು ಖಾಲಿ ಇತ್ತು, ಖಾಲಿ ಅಂತ ಬರ್ದೆ. ಅದರಲ್ಲಿ ತಪ್ಪೇನು?" ಎಂದಳು. ಕೋಲನ್ನು ಮೂಲೆಗೆ ಒರಗಿಸಿ, "ನಾಲ್ಕನೇ ಊರಲ್ಲಿ ನಿಲ್ಸಿ ಬಂದಿದ್ದೀನಿ. ಹುಡುಗಿ ಪಾಪ ಪೇಟೆ ನಡುವೆ ನಿಂತೇ ಇದ್ದಾಳೆ," ಎಂದಳು.

ಕತೆಯನ್ನು ಫೋನಿನಲ್ಲಿ ಹೇಳುವಂತಿರಲಿಲ್ಲ. ಕಿವಿಗೆ ಇಟ್ಟರೆ ದೊಡ್ಡಜ್ಜಿ ಎಡಗೈಯಿಂದ ತಳ್ಳಿಬಿಡುತ್ತಿದ್ದಳು. ಮುಖ ಕಾಣದ ಮಾತು ಅವಳಿಗೆ ಮಾತೇ ಅಲ್ಲ. ಟೈಲರಣ್ಣ ಅಂಗಡಿಯಲ್ಲಿದ್ದ ಒಂದೇ ಕುರ್ಚಿ ತಂದು ಹಾಸುಗಲ್ಲಿನ ಮೇಲೆ ಹಾಕಿದ. ಗಿರಾಕಿಗಳು ನಿಂತೇ ಕಾದರು. ಎರಡು ದಿನ ಅಜ್ಜಿ ಮೇಲೆ ಹೋದಳು. ತಪ್ಪಿದ ದಿನಗಳನ್ನು ತುಂಬಿಸಲು ಅವಸರ ಮಾಡಿ, ನಾಲ್ಕು ಮುಗಿಸಿ ಐದನೇ ಊರು ದಾಟಿಸಿದಳು. ಆರನೆಯದರ ಊರಬಾಗಿಲಿಗೆ ಬಂದು ನಿಂತಳು. ಯಾರೂ ಏನನ್ನೂ ಮರೆಯದ ಊರು ಅದು; ತಾತಂದಿರ ಜಗಳವನ್ನು ಮೊಮ್ಮಕ್ಕಳು ಅದೇ ಬಿಸಿಯಲ್ಲಿ ಆಡುತ್ತಾರೆ. "ಇವತ್ತು ಅವಳು ಒಂದು ಇಡೀ ವಾಕ್ಯ ಹೇಳಿದ್ಳು ಗೊತ್ತಾ? 'ನಿನಗೆ ತಲೆ ಇಲ್ಲ, ಐದನೇ ಊರಲ್ಲಿ ಹಗ್ಗ ಗಿಡ್ಡ, ಬಾವಿ ಆಳ.' ತಲೆ ಇಲ್ಲ ಅಂದ್ಳು ನನ್ನ!" ಎಂದು ಅಜ್ಜಿ ಕುಣಿಯುವುದೊಂದು ಬಾಕಿ.

ಮೂರನೇ ದಿನ ಕಚೇರಿಯ ಗಾಡಿಯವರು ಬಂದರು. ಇಪ್ಪತ್ತನೇ ತಾರೀಖು ಪಟ್ಟಿಯ ಪರೀಕ್ಷಕರು ಬರುತ್ತಾರೆ, ಅಲ್ಲಿಯವರೆಗೆ ಮೆಟ್ಟಿಲ ಮೇಲೆ ಏನೂ ಇಡಕೂಡದು ಎಂದು ಹೇಳಿ, ಕುರ್ಚಿಯನ್ನು ಎತ್ತಿಕೊಂಡೇ ಹೋದರು.

ಅವಳು ಸಾಹೇಬರ ಕೋಣೆಗೆ ಹೋದಳು. ಸಂಜೆ ನಾಲ್ಕರ ಮೇಲೆ ಆ ಬೆಂಚಿನ ಮೇಲೆ ಯಾರು ಯಾರು ಕೂರುತ್ತಿದ್ದರು ಎಂದು ಟೈಲರಣ್ಣನನ್ನು ಕೇಳಿ ಬರೆದುಕೊಂಡಿದ್ದಳು: ಅಜ್ಜಿ, ಟಪಾಲಿನವರು, ನೀರಿನ ಕೊಡ ಇಳಿಸಿ ಸುಧಾರಿಸಿಕೊಳ್ಳುವ ಮೂವರು ಹೆಂಗಸರು, ಕಣ್ಣು ಕಾಣದ ಮೇಷ್ಟ್ರು. ಸಾಹೇಬರು ಕೆಟ್ಟವರಲ್ಲ. ಹದಿನೈದು ದಿನದಿಂದ ನಿದ್ದೆಯಿಲ್ಲದೆ ಅವರ ಕಣ್ಣು ಊದಿಕೊಂಡಿದ್ದವು. ಅವರು ಹಾಳೆ ಓದಿ, ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿದರು.

"ನೋಡಮ್ಮ. ನಿಮ್ಮ ಬೀದಿ ಹತ್ತಕ್ಕೆ ಹತ್ತು. ಹನ್ನೆರಡನೇ ಮೆಟ್ಟಿಲು ನಿಮ್ಮನೆ ಅಲ್ವಾ? ನಿಮ್ಮಜ್ಜಿನೂ ಹತ್ತು. ಇಷ್ಟು ಸುಖವಾಗಿರೋ ಬೀದೀಲಿ ಕೂರೋಕೆ ಜಾಗ ಇಲ್ಲ ಅಂತ ನಾನು ಮೇಲಕ್ಕೆ ಹೇಗೆ ಬರೀಲಿ?"

"ಸಾರ್, ಅವರು ಊರಿಗೆ ಕೊಟ್ಟಿದ್ದಲ್ಲ ಅದು. ನನಗೆ ಕೊಟ್ಟಿದ್ದು."

"ಅಂದ್ರೆ?"

ಅವಳು ಹೇಳಿದಳು. ಸಾಹೇಬರು ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ಇದನ್ನ ಇನ್ನೊಬ್ಬರ ಹತ್ರ ಹೇಳ್ಬೇಡ. ಇಪ್ಪತ್ತನೇ ತಾರೀಖು ಒಂದು ಕಳೀಲಿ, ನಾನೇ ನಿಂತು ಬೆಂಚು ವಾಪಸ್ ಹಾಕಿಸ್ತೀನಿ. ಭಾನುವಾರ ಚೌಕದ ಕೆಲಸಕ್ಕೆ ಎಲ್ರೂ ಬರ್ಬೇಕು, ನೀನೂ ಬಾ. ಆಮೇಲೆ ನಿನ್ನ ಹಾಳೆಗೆ ಸಹಿ ಹಾಕ್ತೀನಿ."

ಭಾನುವಾರಕ್ಕೆ ಅವಳು ಬೇರೆ ಏರ್ಪಾಟು ಮಾಡಿದ್ದಳು. ಗುಡ್ಡವನ್ನು ಬಳಸಿ ನೆತ್ತಿಗೆ ಹೋಗುವ ಹಿಂದಿನ ರಸ್ತೆಯಲ್ಲಿ ಗಾಡಿ ಹೋಗುತ್ತದೆ. ಅಲ್ಲಿಂದ ಹದಿನೆಂಟೇ ಮೆಟ್ಟಿಲು ಇಳಿದರೆ ದೊಡ್ಡಜ್ಜಿಯ ಮನೆ. ಗಾಡಿಗೆ ಹೇಳಿ ಆಗಿತ್ತು. ಭಾನುವಾರ ಬೆಳಿಗ್ಗೆ ಅಜ್ಜಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಮಂಚದ ತುದಿಯಲ್ಲಿ ಕೂತಿದ್ದಳು. ಎಣಿಕೆ ಹುಡುಗಿ ಬಾಗಿಲಿಗೂ ಮಂಚಕ್ಕೂ ನಡುವೆ ನಿಂತಿದ್ದಳು.

"ಟೈಲರಣ್ಣನ ಜೊತೆ ಹೋಗ್ತೀಯಾ ಅಜ್ಜಿ? ನಾನು ಹೋಗ್ದಿದ್ರೆ ಅವರು ಸಹಿ ಹಾಕಲ್ಲ."

"ನೀನಿಲ್ದೆ ನಾನು ಗಾಡಿ ಹತ್ತಲ್ಲಪ್ಪ, ವಾಂತಿ ಬರತ್ತೆ. ಹೋಗು ನೀನು. ಪರೀಕ್ಷೆ ಹತ್ರ ಬಂದಾಗ ಯಾರಾದ್ರೂ ತಪ್ಪಿಸ್ತಾರಾ? ಅಕ್ಕ ಎಲ್ಲಿಗೆ ಹೋಗ್ತಾಳೆ? ಮಂಚದ ಮೇಲೇ ಇರ್ತಾಳೆ. ಮುಂದಿನ ಭಾನುವಾರ ಆಯ್ತು."

ಅವಳು ಹೋದಳು. ಚೌಕದ ಕಾರಂಜಿಯ ಸುತ್ತ ನಲವತ್ತು ಬೆಂಚು ಸಾಲಾಗಿ ನಿಂತಿದ್ದವು, ಎಲ್ಲಕ್ಕೂ ಹಸಿರು ಬಣ್ಣ. ಅವಳು ಬಟ್ಟೆ ಹಿಡಿದು ಒಂದೊಂದನ್ನೇ ಒರೆಸುತ್ತಾ ಬಂದಳು. ಒಂದರ ಎಡಗೈ ಸೊಟ್ಟಗಿತ್ತು. ಅದನ್ನು ಬಹಳ ಹೊತ್ತು ಒರೆಸಿದಳು. ಕೂರಲಿಲ್ಲ.

ಗುರುವಾರ ಬೆಳಿಗ್ಗೆ, ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ, ದೊಡ್ಡಜ್ಜಿಯ ಸೊಸೆ ಮೆಟ್ಟಿಲು ಇಳಿದು ಬಂದಳು. ಒಂದು ಕಾಲಿಗೆ ಅವಳದೇ ಚಪ್ಪಲಿ, ಇನ್ನೊಂದಕ್ಕೆ ಯಾರದೋ. ಬಾಗಿಲಲ್ಲಿ ನಿಂತು ಅಜ್ಜಿಯ ಮುಖ ನೋಡಿದಳು. ಅಜ್ಜಿ ಕೋಲಿಗಾಗಿ ಕೈಚಾಚಿದಳು. ಕೋಲು ಅಲ್ಲೇ ಇತ್ತು. ಕೈಗೆ ಮಾತ್ರ ಸಿಗಲಿಲ್ಲ.

ಇಸ್ತ್ರಿ ಅಕ್ಕನ ಮನೆಯಿಂದ ಕುರ್ಚಿ ಬಂತು. ಟೈಲರಣ್ಣ, ಟಪಾಲಿನವರು, ಇನ್ನಿಬ್ಬರು ಸೇರಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಕಾಲು ನಾಲ್ವರು ಹಿಡಿದು ಎತ್ತಿದರು. ಅಜ್ಜಿ ಹತ್ತಿಯ ಮೂಟೆಗಿಂತ ಹಗುರ. ತೊಂಬತ್ತೇಳನೇ ಮೆಟ್ಟಿಲಿನಲ್ಲಿ ಯಾರೂ ನಿಲ್ಲಲೇ ಇಲ್ಲ. ಹತ್ತು ನಿಮಿಷಕ್ಕೆ ನೀಲಿ ಕಿಟಕಿಯ ಮನೆಯ ಮುಂದೆ ಇಳಿಸಿದರು. ಇಳಿಸಿದ ಮೇಲೆ ಟೈಲರಣ್ಣ ತನ್ನ ಎರಡು ಕೈಗಳನ್ನು ನೋಡಿಕೊಂಡ.

"ಹತ್ತೇ ನಿಮಿಷ," ಎಂದ. "ಹತ್ತೇ ನಿಮಿಷದ ಕೆಲಸ. ಒಂದು ಮಾತು ಕೇಳ್ಬಾರ್ದಿತ್ತಾ ಅಜ್ಜಿ? ನಮಗಾದ್ರೂ ಹೊಳೀಬಾರ್ದಿತ್ತಾ?" ಎಂದು ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟ.

ಒಳಗೆ ಅಜ್ಜಿ ಅಕ್ಕನ ತಣ್ಣಗಾದ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮೊಮ್ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಸೊಸೆ ಅವಳ ತೋಳು ಹಿಡಿದು ಪಿಸುದನಿಯಲ್ಲಿ ಹೇಳಿದಳು:

"ದಿನಾ ಐದು ಗಂಟೆ ಆಯ್ತು ಅಂದ್ರೆ ಬಾಗಿಲು ನೋಡೋರು ಕಣೇ. ಮೊನ್ನೆ ಮಂಗಳವಾರ ನಾನೇ ಕೇಳ್ದೆ, 'ಅತ್ತೆ, ಏಳನೇ ಊರು ಯಾವ್ದು, ನನಗಾದ್ರೂ ಹೇಳಿ' ಅಂತ. ಎಷ್ಟು ಸ್ಪಷ್ಟವಾಗಿ ಹೇಳಿದ್ರು ಗೊತ್ತಾ? 'ತಂಗಿ ಬರಲಿ, ಹೇಳ್ತೀನಿ' ಅಂದ್ರು. ನಾನು ನಿನಗೆ ಫೋನ್ ಮಾಡೋಣ ಅಂದ್ಕೊಂಡೆ. ಭಾನುವಾರ ಹೇಗೂ ಬರ್ತೀರಲ್ಲ ಅಂತ ಸುಮ್ಮನಾದೆ ಕಣೇ, ಸುಮ್ಮನಾಗಿಬಿಟ್ಟೆ."

ಅಜ್ಜಿಗೆ ಕೇಳಿಸಿತ್ತು. ಅವಳು ತಿರುಗಿ ನೋಡಲಿಲ್ಲ. ಅಕ್ಕನ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಾ, ಬಿಡಿಸುತ್ತಾ ಇದ್ದಳು. ಐದು ಬೆರಳು ಮುಗಿದು, ಮತ್ತೆ ಮೊದಲ ಬೆರಳಿಗೆ ಬಂದು, ಆರನೇ ಎಣಿಕೆಗೆ ಅವಳ ಕೈ ನಿಂತಿತು.

ಇಪ್ಪತ್ತನೇ ತಾರೀಖು ಪರೀಕ್ಷಕರು ಬಂದರು. ಮೆಟ್ಟಿಲು ಬೀದಿಯನ್ನು ಕೆಳಗಿನಿಂದಲೇ ತಲೆ ಎತ್ತಿ ನೋಡಿ, ಎಷ್ಟು ಚೆಂದ ಎಂದು ಫೋಟೋ ತೆಗೆದುಕೊಂಡರು. ಅವರು ಬರುವ ಮುಂಚೆ, ಗುಂಡಿಗಳಿಲ್ಲದ ಬೀದಿಗೂ ಅಂಕವಿದೆಯೆಂದು, ಹಾಸುಗಲ್ಲಿನ ನಾಲ್ಕು ತೂತುಗಳಿಗೆ ಸಿಮೆಂಟು ತುಂಬಿ ನುಣ್ಣಗೆ ಸವರಿ ಹೋಗಿದ್ದರು. ಸಾಹೇಬರು ಮಾತಿಗೆ ತಪ್ಪಲಿಲ್ಲ. ಅವಳ ಹಾಳೆಗೆ ಸಹಿ ಹಾಕಿದರು. ಆದರೆ ಚೌಕದ ಬೆಂಚನ್ನು ಈಗ ಅಲುಗಿಸುವಂತಿಲ್ಲ, ಹೊಸದು ಬಂದಾಗ ನೋಡೋಣ ಎಂದು ಅದರ ಮೇಲೆ ಇನ್ನೊಬ್ಬರು ಬರೆದರು. ಅವಳೂ ಒತ್ತಾಯ ಮಾಡಲಿಲ್ಲ. ಈಗ ಆ ಮೆಟ್ಟಿಲನ್ನು ಹತ್ತಬೇಕಾದವರು ಅವಳ ಮನೆಯಲ್ಲಿ ಯಾರಿದ್ದರು?

ಒಂದೂವರೆ ತಿಂಗಳಿಗೆ ಪಟ್ಟಿ ಬಂತು. ಊರು ಮೊದಲನೇ ಸ್ಥಾನದಲ್ಲಿತ್ತು. ಮೆಟ್ಟಿಲು ಬೀದಿಯ ಬುಡದಲ್ಲಿ ದೊಡ್ಡ ಬೋರ್ಡು ನಿಂತಿತು: 'ಬದುಕಲು ಅತ್ಯುತ್ತಮ ನಗರಕ್ಕೆ ಸ್ವಾಗತ.' ಬೋರ್ಡು ನಿಲ್ಲಿಸಿದ್ದರಿಂದ ಇಸ್ತ್ರಿ ಅಕ್ಕನ ಕಿಟಕಿ ಮುಚ್ಚಿಹೋಯಿತು. ಅವಳು ಬೋರ್ಡಿನ ಬೆನ್ನಿಗೆ ದಾರ ಕಟ್ಟಿ ಬಟ್ಟೆ ಒಣಗಿಸಿದಳು.

ಕಚೇರಿಗೆ ಒಂದು ದಿನ ರಜೆ ಕೊಟ್ಟರು. ಅಜ್ಜಿ ಹೊರಗೆ ಕಾಲಿಟ್ಟು ಎಷ್ಟೋ ದಿನವಾಗಿತ್ತು. ಮೊಮ್ಮಗಳು ಅವಳನ್ನು ಕೈಹಿಡಿದು, ಕೆಳಗಿನ ಸಮ ರಸ್ತೆಯಲ್ಲಿ ನಿಂತು ನಿಂತು, ಚೌಕಕ್ಕೆ ಕರೆತಂದಳು. ಬೆಂಚುಗಳ ಸಾಲಿನಲ್ಲಿ ಒಂದರ ಹತ್ತಿರ ನಿಲ್ಲಿಸಿದಳು. ಅಜ್ಜಿ ಕೂತಳು. ಕೂತು, ಎಡಗೈ ಇಳಿಬಿಟ್ಟಳು. ಮೊಣಕೈ ತಾನಾಗಿಯೇ ಸೊಟ್ಟಗಿನ ಜಾಗ ಹುಡುಕಿಕೊಂಡಿತು.

"ಇದು ನಮ್ದೇ," ಎಂದಳು.

"ಹೌದಜ್ಜಿ."

ಅಜ್ಜಿ ತಲೆ ಎತ್ತಿ ಎದುರು ನೋಡಿದಳು. ಕಾರಂಜಿ ಏರುತ್ತಿತ್ತು, ಇಳಿಯುತ್ತಿತ್ತು. ಅದರಾಚೆ ಗಾಜಿನ ಕಟ್ಟಡ. "ಇಲ್ಲಿಂದ ಅಕ್ಕನ ಕಿಟಕಿ ಕಾಣಲ್ಲ," ಎಂದಳು. ಆಮೇಲೆ ನೆನಪಾದವಳಂತೆ ಮೊಮ್ಮಗಳ ಕಡೆ ತಿರುಗಿದಳು.

"ಅಲ್ವೇ, ನಿನ್ನ ಪರೀಕ್ಷೆ ಏನಾಯ್ತು? ಪಾಸಾದ್ಯಾ?"

ಎಣಿಕೆ ಹುಡುಗಿ ಬಾಯಿ ತೆರೆದಳು. ಅದು ನನ್ನ ಪರೀಕ್ಷೆಯಲ್ಲ ಎಂದು ಹೇಳಬಹುದಿತ್ತು. ಈಗ ಯಾವ ನಿಯಮವೂ ಅವಳನ್ನು ತಡೆಯುತ್ತಿರಲಿಲ್ಲ.

"ಪಾಸಾದೆ ಅಜ್ಜಿ. ಮೊದಲನೇ ಸ್ಥಾನ."

"ನನಗೆ ಗೊತ್ತಿತ್ತು," ಎಂದು ಅಜ್ಜಿ ಅವಳ ಬೆನ್ನು ಸವರಿದಳು. "ನಮ್ಮ ಬೀದಿಯೋರು ಕೈ ಬಿಡ್ತಾರಾ?"

ಗಡಿಯಾರದ ಕಂಬದಲ್ಲಿ ಹತ್ತೂಕಾಲು. ಸುತ್ತಲಿನ ಮೂವತ್ತೊಂಬತ್ತು ಬೆಂಚುಗಳ ಮೇಲೂ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಅವಳು ಅಜ್ಜಿಯ ಭುಜಕ್ಕೆ ತಲೆ ಆನಿಸಿದಳು. "ಕತೆ ಹೇಳು ಅಜ್ಜಿ," ಎಂದಳು, ಚಿಕ್ಕವಳಿದ್ದಾಗ ಕೇಳುತ್ತಿದ್ದ ಹಾಗೇ.

ಅಜ್ಜಿ ಹೇಳಿದಳು. ಬೆಳ್ಳಿಯ ಬಾಗಿಲುಗಳಿಂದ ಶುರು ಮಾಡಿ, ಪನ್ನೀರಿನ ಬೀದಿಗಳನ್ನು ದಾಟಿ, ಆಳದ ಬಾವಿಗೆ ಗಿಡ್ಡ ಹಗ್ಗ ಇಳಿಬಿಟ್ಟ ಐದನೇ ಊರಿಗೆ ಬಂದಳು. ಎಲ್ಲೂ ಬೇಕೆಂದು ತಪ್ಪು ಹೇಳಲಿಲ್ಲ. ಆರನೇ ಊರಿನಲ್ಲಿ ಹುಡುಗಿ ಗಂಟು ಎತ್ತಿ ತಲೆಯ ಮೇಲೆ ಇಟ್ಟುಕೊಂಡು, ಊರಬಾಗಿಲು ದಾಟಿ, ದಾರಿಗೆ ಬಿದ್ದಳು.

"ಆಮೇಲೆ?" ಎಂದಳು ಮೊಮ್ಮಗಳು.

ಅಜ್ಜಿ ಕಣ್ಣು ಮುಚ್ಚಿದ್ದಳು. ಕೈ ಮಾತ್ರ ಬೆಂಚಿನ ಸೊಟ್ಟ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

"ಆಮೇಲೆ ನನಗೆ ನಿದ್ದೆ ಬಂದುಬಿಡ್ತು ಮಗಾ."